ಯಾವ ವೈದ್ಯನ ಬಾಗಿಲು ತಟ್ಟಬೇಕು?

2024ನೆಯ ಇಸವಿಯ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಒಂದು ಮೇಲ್ಮನವಿಯನ್ನು ವಜಾ ಮಾಡಿತು. ತಮ್ಮ ಸಂಗಾತಿಯನ್ನು ಆಕೆಯ ತಂದೆತಾಯಿಗಳು ಬಲವಂತದಿಂದ ಮನೆಯಲ್ಲಿ ಇರಿಸಿಕೊಂಡಿದ್ದಾರೆಂದು ದೂರಿಕೊಂಡವರ ಮೊಕದ್ದಮೆಯದು. ಕಾನೂನಿನ ವರದಿಗಳಲ್ಲಿ ‘ದೇವು ಜಿ. ನಾಯರ್ ವಿರುದ್ಧ ಕೇರಳ ರಾಜ್ಯ’ ಎಂಬ ಹೆಸರಿನಿಂದ ದಾಖಲಾಗಿದೆ. ತಾನು ಸ್ವಂತ ಇಚ್ಛೆಯಿಂದಲೇ ತಂದೆತಾಯಿಗಳ ಬಳಿ ಇರುವೆನೆಂದು ಆಕೆ ಹೇಳಿದ್ದರಿಂದ ಅರ್ಜಿದಾರರಿಗೆ ಜಯ ದೊರೆಯಲಿಲ್ಲ. ಆದರೆ ನ್ಯಾಯಮೂರ್ತಿಗಳು ವಿಷಯವನ್ನು ಅಲ್ಲಿಗೇ ಬಿಡದೆ, ಇಂತಹ ವ್ಯಾಜ್ಯಗಳು ಬಂದಾಗ ನ್ಯಾಯಾಲಯಗಳು ನಡೆದುಕೊಳ್ಳಬೇಕಾದ ರೀತಿಯನ್ನು ಕುರಿತು ಕೆಲವು ಸೂಚನೆಗಳನ್ನು ಬರೆದಿಟ್ಟರು. ಆಪ್ತಸಲಹೆಯ ಹೆಸರಿನಲ್ಲಿ ಯಾವುದೇ ವ್ಯಕ್ತಿಯ ಲೈಂಗಿಕ ಒಲವನ್ನಾಗಲಿ ಲಿಂಗದ ಗುರುತನ್ನಾಗಲಿ ಬದಲಿಸುವ ಯತ್ನಕ್ಕೆ ನ್ಯಾಯಾಧೀಶರು ಕೈಹಾಕಕೂಡದು ಎಂಬುದು ಅವುಗಳಲ್ಲೊಂದು.

ಆಪ್ತಸಲಹೆ ಎಂಬುದು ಒಳ್ಳೆಯ ಮಾತು. ನೊಂದವನ ಬಳಿ ಕುಳಿತು, ಅವನ ಮಾತನ್ನು ಕೇಳಿ, ಅವನಿಗೆ ದಾರಿ ಕಾಣುವಂತೆ ಮಾಡುವುದು ಅದರ ಅರ್ಥ. ಅಂತಹ ಮಾತಿನ ಸುತ್ತ ದೇಶದ ಅತ್ಯುನ್ನತ ನ್ಯಾಯಾಲಯವು ಬೇಲಿ ಕಟ್ಟಬೇಕಾಗಿ ಬಂದಿತೆಂದರೆ ಆ ಮಾತಿನ ಮರೆಯಲ್ಲಿ ಬೇರೇನೋ ನಡೆಯುತ್ತಿದೆ ಎಂದೇ ಅರ್ಥ. ಏನು ನಡೆಯುತ್ತಿದೆ ಎಂಬುದನ್ನು ತಿಳಿಯಲು ನಾವು ಕೇರಳಕ್ಕೆ ಹೋಗಬೇಕಾಗಿಲ್ಲ.

ಕೆಲವು ತಿಂಗಳ ಹಿಂದೆ ಡೊಂಬಿವಲಿಯಲ್ಲಿ ವಾಸವಾಗಿರುವ ಒಬ್ಬ ಗುಮಾಸ್ತರು ನಮ್ಮನ್ನು ಕಾಣಲು ಬಂದಿದ್ದರು. ಗುರುತು ಸಿಗಬಹುದಾದ ವಿವರಗಳನ್ನು ಇಲ್ಲಿ ಬಿಟ್ಟಿದ್ದೇವೆ. ಕಲ್ಯಾಣದ ಹೋಟೆಲೊಂದರ ಗಲ್ಲೆಯ ಮೇಲೆ ಕೂರುವ ನಮ್ಮ ಕಡೆಯವರೇ ಆದ ಇನ್ನೊಬ್ಬರೊಡನೆ ಇವರದು ಆರು ವರುಷಗಳ ಒಡನಾಟ, ಒಂದೇ ಸೂರು. ಚಾಳಿನವರಿಗೆ ಅವರು ‘ರೂಮ್ ಪಾರ್ಟ್‌ನರ್’ಗಳು, ಅವರವರಿಗೆ ಅವರು ಸಂಸಾರವೇ. ಊರಿನಲ್ಲಿ ಒಬ್ಬರ ತಾಯಿ ಹೆಣ್ಣು ನೋಡುತ್ತಿದ್ದಾರೆ, ಇನ್ನೊಬ್ಬರು ಅದನ್ನು ತಡೆಯಲಾರದೆ ಕುಡಿತಕ್ಕೆ ಬಿದ್ದಿದ್ದಾರೆ, ಮನೆಯಲ್ಲಿ ಜಗಳ. ಗುಮಾಸ್ತರು ಧೈರ್ಯ ಮಾಡಿ ಒಬ್ಬ ಸಲಹೆಗಾರರ ಬಳಿಗೆ ಹೋದರು. ಅರ್ಧ ಗಂಟೆ ಕೇಳಿಸಿಕೊಂಡ ಆ ಮಹನೀಯರು, “ಮದುವೆಯಾದರೆ ಎಲ್ಲ ಸರಿಹೋಗುತ್ತದೆ” ಎಂದು ನುಡಿದು, ತಂದೆಯವರ ದೂರವಾಣಿ ಸಂಖ್ಯೆಯನ್ನು ಕೇಳಿದರಂತೆ. ಗುಮಾಸ್ತರು ಶುಲ್ಕವನ್ನು ತೆತ್ತು ಎದ್ದು ಬಂದರು. “ನನಗೆ ವಕೀಲರು ಬೇಡ ಸ್ವಾಮಿ, ಮೆರವಣಿಗೆಯೂ ಬೇಡ. ನಮ್ಮಿಬ್ಬರ ಜಗಳವನ್ನು ಜಗಳವೆಂದೇ ಕೇಳುವ ಒಬ್ಬ ಡಾಕ್ಟರು ಬೇಕು, ಅಷ್ಟೆ” ಎಂದು ಅವರು ನಮ್ಮೆದುರು ಹೇಳಿದ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ. ಅದಕ್ಕೆ ಉತ್ತರ ಕೊಡುವ ಪ್ರಯತ್ನವೇ ಈ ಲೇಖನ.

ನಮ್ಮ ಹಿರಿಯ ವಾಚಕರಲ್ಲಿ ಕೆಲವರು ಹುಬ್ಬು ಗಂಟಿಕ್ಕಬಹುದು. ಇದು ಪತ್ರಿಕೆಯಲ್ಲಿ ಚರ್ಚಿಸತಕ್ಕ ವಿಷಯವೇ ಎಂದು ಅವರು ಕೇಳಿದರೆ ನಮ್ಮ ಉತ್ತರ ಸರಳವಾಗಿದೆ. ಹದಿನಾಲ್ಕನೆಯ ವಯಸ್ಸಿಗೇ ಊರು ಬಿಟ್ಟು ಬಂದು ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಅಕ್ಷರ ಕಲಿತು, ಮನೆಗೆ ಹಣ ಕಳುಹಿಸಿ ತಂಗಿಯರ ಮದುವೆ ಮಾಡಿದ ಜನಾಂಗ ನಮ್ಮದು. ಆ ದುಡಿಮೆಗಾರರಲ್ಲಿ ಸಲಿಂಗಪ್ರೇಮಿಗಳೂ ಇದ್ದರು, ಈಗಲೂ ಇದ್ದಾರೆ. ಮನಿಆರ್ಡರಿನ ಹಣವನ್ನು ಎಣಿಸಿಕೊಂಡ ನಾವು ಕಳುಹಿಸಿದವನ ಅಳಲನ್ನು ಕೇಳಲೊಲ್ಲೆವೆಂದರೆ ಅದು ನ್ಯಾಯವಲ್ಲ.

ಇದು ರೋಗವೇ ಎಂಬ ಪ್ರಶ್ನೆಯನ್ನು ಮೊದಲು ಬಗೆಹರಿಸಿಕೊಳ್ಳಬೇಕು. ವೈದ್ಯಶಾಸ್ತ್ರವು ಅದನ್ನು ಬಗೆಹರಿಸಿ ಬಹಳ ಕಾಲವಾಯಿತು. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿಯೇ ಸಲಿಂಗಪ್ರೇಮವನ್ನು ತನ್ನ ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯು 1990ರ ಮೇ 17ರಂದು ಅದೇ ಕೆಲಸ ಮಾಡಿತು. ಹುಟ್ಟಿನಲ್ಲಿ ಬರೆಸಿದ ಲಿಂಗಕ್ಕೂ ತನ್ನೊಳಗಿನ ಅರಿವಿಗೂ ಹೊಂದಿಕೆಯಿಲ್ಲದವರ ಸ್ಥಿತಿಯನ್ನು ಸಹ ಅದೇ ಸಂಸ್ಥೆಯು 2022ರ ಜನವರಿಯಿಂದ ಜಾರಿಗೆ ಬಂದ ಹೊಸ ಪಟ್ಟಿಯಲ್ಲಿ ಮನೋರೋಗಗಳ ಅಧ್ಯಾಯದಿಂದ ಹೊರಗಿರಿಸಿದೆ. ನಮ್ಮ ದೇಶದ ಮನೋವೈದ್ಯರ ಸಂಘವೂ ಸಲಿಂಗಪ್ರೇಮವು ಕಾಯಿಲೆಯಲ್ಲವೆಂದು 2018ರಲ್ಲಿ ಸಾರಿತು. ಅದೇ ವರುಷದ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು, ವಯಸ್ಕರು ಪರಸ್ಪರ ಸಮ್ಮತಿಯಿಂದ ನಡೆಸುವ ಸಂಬಂಧವು 377ನೆಯ ಕಲಮಿನ ಕೆಳಗೆ ಅಪರಾಧವಲ್ಲವೆಂದು ತೀರ್ಮಾನಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮಿಗೆ ಸಮನಾದುದು ಇಲ್ಲವೇ ಇಲ್ಲ.

ಇವೆಲ್ಲಕ್ಕಿಂತ ನಮ್ಮ ಪ್ರಸ್ತುತ ವಿಷಯಕ್ಕೆ ಹೆಚ್ಚು ಹತ್ತಿರವಾದುದು 2017ರ ಮಾನಸಿಕ ಆರೋಗ್ಯ ಪಾಲನೆಯ ಕಾಯಿದೆ. ಅದು 2018ರಲ್ಲಿ ಜಾರಿಗೆ ಬಂದಿತು. ಒಬ್ಬನು ತನ್ನ ಸಮಾಜದ ನೀತಿ ನಡವಳಿಕೆಗಳಿಗೆ ಒಗ್ಗಿಕೊಳ್ಳಲಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಣಯಿಸಕೂಡದೆಂದು ಅದರ 3ನೆಯ ಕಲಮು ಹೇಳುತ್ತದೆ. ಮಾನಸಿಕ ಚಿಕಿತ್ಸೆ ಪಡೆಯುವ ಹಕ್ಕಿನಲ್ಲಿ ಭೇದವೆಣಿಸಕೂಡದ ಕಾರಣಗಳನ್ನು 18ನೆಯ ಕಲಮು ಎಣಿಸುವಾಗ ಜಾತಿ, ಧರ್ಮ, ವರ್ಗಗಳ ಜೊತೆಗೆ ಲೈಂಗಿಕ ಒಲವನ್ನೂ ಹೆಸರಿಸುತ್ತದೆ. 23ನೆಯ ಕಲಮು ರೋಗಿಯ ಗುಟ್ಟನ್ನು ಕಾಪಾಡುವ ಹೊಣೆಯನ್ನು ಚಿಕಿತ್ಸಕರ ಮೇಲೆ ಹೊರಿಸುತ್ತದೆ. ಗುಮಾಸ್ತರ ತಂದೆಯವರ ದೂರವಾಣಿ ಸಂಖ್ಯೆಯನ್ನು ಕೇಳಿದ ಸಲಹೆಗಾರರು ಈ ಕಲಮನ್ನು ಓದಿದ್ದರೆ ಚೆನ್ನಾಗಿತ್ತು.

ಮದರಾಸಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇವೆ. ಮದುರೆಯಿಂದ ಓಡಿಬಂದ ಇಬ್ಬರು ತರುಣಿಯರು ಪೊಲೀಸರ ಕಿರುಕುಳದಿಂದ ರಕ್ಷಣೆ ಬೇಡಿ 2021ರಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯಕ್ಕೆ ಹೋದರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ ಅವರು, ಈ ವಿಷಯದಲ್ಲಿ ತಮಗೇ ಸರಿಯಾದ ತಿಳಿವಳಿಕೆಯಿಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡರು. ಒಪ್ಪಿಕೊಂಡು ಸುಮ್ಮನಿರಲಿಲ್ಲ, ತಾವೇ ಒಬ್ಬ ಮನಃಶಾಸ್ತ್ರಜ್ಞೆಯ ಬಳಿ ಹೋಗಿ ವಿದ್ಯಾರ್ಥಿಯಂತೆ ಕುಳಿತು ಕೇಳಿ ತಿಳಿದರು. ಆ ನಂತರ ಜೂನ್ 7ರಂದು ಕೊಟ್ಟ ಆಜ್ಞೆಯಲ್ಲಿ, ಸಲಿಂಗಪ್ರೇಮಿಗಳನ್ನು ‘ಸರಿಪಡಿಸುವ’ ಚಿಕಿತ್ಸೆಗಳನ್ನು ನಿಷೇಧಿಸಿದರು. ಆ ಮೊಕದ್ದಮೆಯ ಫಲವಾಗಿ ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ, ಇಂತಹ ಪರಿವರ್ತನಾ ಚಿಕಿತ್ಸೆಯನ್ನು ನಡೆಸುವುದು ವೈದ್ಯನ ವೃತ್ತಿದ್ರೋಹವೆಂದು ರಾಜ್ಯಗಳ ವೈದ್ಯಕೀಯ ಮಂಡಲಿಗಳಿಗೆ ತಿಳಿಸಿತು. ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿಯೊಬ್ಬರು ಪಾಠ ಹೇಳಿಸಿಕೊಳ್ಳಲು ನಾಚಲಿಲ್ಲ. ನಮ್ಮ ಬೀದಿಯ ಸಲಹೆಗಾರರು ನಾಚಬೇಕೇಕೆ?

ಕಾನೂನು ಇಷ್ಟು ಸ್ಪಷ್ಟವಾಗಿರುವಾಗ ಯಾವ ಡಾಕ್ಟರ ಬಳಿ ಹೋದರೂ ಆಯಿತಲ್ಲ ಎಂದು ಯಾರಾದರೂ ಕೇಳಬಹುದು. ಆಗಲಿಲ್ಲ. ಶಾಸ್ತ್ರ ಬದಲಾದಷ್ಟು ಬೇಗ ಶಾಸ್ತ್ರಜ್ಞರು ಬದಲಾಗುವುದಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಅದೇ ವೈದ್ಯಕೀಯ ಆಯೋಗವು ಹೊರಡಿಸಿದ ಪಠ್ಯಕ್ರಮದಲ್ಲಿ ಹೆಂಗಸರ ಸಲಿಂಗಪ್ರೇಮವು ಮತ್ತೆ ‘ಅಸ್ವಾಭಾವಿಕ ಅಪರಾಧ’ಗಳ ಸಾಲಿನಲ್ಲಿ ಕಾಣಿಸಿಕೊಂಡಿತು! ಗದ್ದಲವೆದ್ದ ಮೇಲೆ ಸೆಪ್ಟೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡು ತಿದ್ದಲಾಯಿತು. ಎಡಗೈಯಿಂದ ಬರೆದುದನ್ನು ಬಲಗೈ ಒರಸಬೇಕಾದ ಸ್ಥಿತಿ. ಹಳೆಯ ಪಠ್ಯವನ್ನು ಓದಿ ಪದವಿ ಪಡೆದು, ಆ ನಂತರ ಪುಸ್ತಕ ತೆರೆಯದ ವೈದ್ಯರು ಎಷ್ಟು ಮಂದಿಯೋ! ಅವರಲ್ಲಿ ಬಹಳ ಮಂದಿ ದುಷ್ಟರಲ್ಲ; ಕಳಕಳಿಯಿಂದಲೇ ತಪ್ಪು ಹೇಳುತ್ತಾರೆ. ಕಳಕಳಿಯ ತಪ್ಪನ್ನು ನೊಂದವನು ಸುಲಭವಾಗಿ ನಂಬುತ್ತಾನಾದ್ದರಿಂದ ಅದರ ಅಪಾಯವೂ ಹೆಚ್ಚು.

ಬಾಗಿಲ ಮೇಲಿನ ಫಲಕಗಳ ವಿಷಯದಲ್ಲಿಯೂ ಒಂದು ಮಾತು. ಮನೋವೈದ್ಯನೆಂದರೆ ವೈದ್ಯಪದವಿಯ ಮೇಲೆ ಮನೋರೋಗಗಳಲ್ಲಿ ವಿಶೇಷ ವ್ಯಾಸಂಗ ಮಾಡಿದವನು. ಔಷಧಿ ಬರೆದುಕೊಡುವ ಅಧಿಕಾರ ಅವನಿಗುಂಟು. ಮಹಾರಾಷ್ಟ್ರ ವೈದ್ಯಕೀಯ ಮಂಡಲಿಯಲ್ಲಿ ಅವನ ಹೆಸರಿರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂಬುವರು ಭಾರತೀಯ ಪುನರ್ವಸತಿ ಮಂಡಲಿಯಲ್ಲಿ ನೋಂದಣಿಯಾಗಿರಬೇಕು. ಮಾತಿನ ಚಿಕಿತ್ಸೆ ಅವರ ಕೆಲಸ. ಇನ್ನು ‘ಕೌನ್ಸೆಲರ್’ ಎಂಬ ಫಲಕದ ಹಿಂದೆ ಸ್ನಾತಕೋತ್ತರ ಪದವೀಧರರೂ ಇರಬಹುದು, ಮೂರು ವಾರದ ತರಬೇತಿಯ ಪ್ರಮಾಣಪತ್ರ ತೂಗುಹಾಕಿದವರೂ ಇರಬಹುದು. ಆದುದರಿಂದ ನೋಂದಣಿಯ ಸಂಖ್ಯೆಯನ್ನು ಕೇಳುವುದು ಅವಿನಯವಲ್ಲ. ನಮ್ಮ ಹೋಟೆಲಿನ ಗೋಡೆಯ ಮೇಲೆ ನಾವು ಲೈಸೆನ್ಸನ್ನು ತೂಗುಹಾಕುವುದಿಲ್ಲವೇ?

ಕಲ್ಯಾಣ, ಡೊಂಬಿವಲಿ, ಠಾಣೆ, ನವಿ ಮುಂಬಯಿಗಳಲ್ಲಿರುವ ನಮ್ಮವರು ಎಲ್ಲಿಗೆ ಹೋಗಬೇಕು? ಮನಸ್ಸಿನ ಕಾಯಿಲೆಯ ಮಾತೆತ್ತಿದರೆ ಈ ಕಡೆಯ ಜನಕ್ಕೆ ನೆನಪಾಗುವುದು 1901ರಲ್ಲಿ ಸ್ಥಾಪನೆಯಾದ ಠಾಣೆಯ ಮಾನಸಿಕ ಆಸ್ಪತ್ರೆ. ‘ಇವನನ್ನು ಠಾಣೆಗೆ ಕಳುಹಿಸಬೇಕು’ ಎಂಬ ಕುಚೋದ್ಯವು ಲೋಕಲ್ ಗಾಡಿಯಲ್ಲಿ ದಿನವೂ ಕೇಳಿಬರುತ್ತದೆ. ಆ ಕುಚೋದ್ಯಕ್ಕೆ ಹೆದರಿಯೇ ಎಷ್ಟೋ ಮಂದಿ ಆ ದಿಕ್ಕಿಗೆ ತಲೆಹಾಕುವುದಿಲ್ಲ. ಆದರೆ ಆಪ್ತಸಲಹೆಗೆ ಹೋಗುವವನು ಹುಚ್ಚನಲ್ಲ. ಅವನು ಆಸ್ಪತ್ರೆಯಲ್ಲಿ ಸೇರಬೇಕಾಗಿಯೂ ಇಲ್ಲ. ಠಾಣೆಯಲ್ಲಿಯೇ ಡಾಕ್ಟರ್ ಆನಂದ ನಾಡಕರ್ಣಿಯವರು 1990ರಲ್ಲಿ ಆರಂಭಿಸಿದ ಮಾನಸಿಕ ಆರೋಗ್ಯದ ಸಂಸ್ಥೆಯಂತಹವು ಈ ಭೀತಿಯನ್ನು ಕಳೆಯಲು ಮರಾಠಿ ಸಮಾಜದಲ್ಲಿ ಬಹಳ ಶ್ರಮಿಸಿವೆ. ಮುಂಬಯಿಯ ದೊಡ್ಡ ಸಾರ್ವಜನಿಕ ಆಸ್ಪತ್ರೆಗಳಾದ ಕೆ.ಇ.ಎಂ., ಸಾಯನ್, ನಾಯರ್‌ಗಳಲ್ಲಿಯೂ ಮನೋವೈದ್ಯರ ಹೊರರೋಗಿ ವಿಭಾಗಗಳಿವೆ. ಅಲ್ಲಿ ತೆರಬೇಕಾದ ಹಣ ಅತ್ಯಲ್ಪ, ಕಾಯಬೇಕಾದ ಸಮಯ ಮಾತ್ರ ಹೆಚ್ಚು.

ವಿಶೇಷವಾಗಿ ಸಲಿಂಗಪ್ರೇಮಿಗಳಿಗೂ ಲಿಂಗಪರಿವರ್ತಿತರಿಗೂ ನೆರವಾಗುವ ಸಂಸ್ಥೆಗಳು ಮುಂಬಯಿಯಲ್ಲಿವೆ. ಅಶೋಕ ರಾವ್ ಕವಿಯವರು 1994ರಲ್ಲಿ ಸ್ಥಾಪಿಸಿದ ಹಮ್‌ಸಫರ್ ಟ್ರಸ್ಟ್ ಸಾಂತಾಕ್ರೂಜ್ ಪೂರ್ವದ ವಾಕೋಲೆಯಲ್ಲಿದೆ. ಅಲ್ಲಿ ಆಪ್ತಸಲಹೆಯ ವ್ಯವಸ್ಥೆಯುಂಟು. ದೇವನಾರಿನ ಟಾಟಾ ಸಮಾಜವಿಜ್ಞಾನ ಸಂಸ್ಥೆಯು 2012ರಲ್ಲಿ ‘ಐಕಾಲ್’ ಎಂಬ ದೂರವಾಣಿ ಸಲಹೆಯನ್ನು ಆರಂಭಿಸಿತು. ನಂಬಿಕೆಗೆ ಪಾತ್ರರಾದ ಸಲಹೆಗಾರರ ಹೆಸರುಗಳನ್ನು, ಅವರಿಂದ ಉಪಕಾರ ಪಡೆದ ಜನರಿಂದಲೇ ಕೇಳಿ ಪಟ್ಟಿ ಮಾಡಿದುದು ಅದರ ಒಂದು ಒಳ್ಳೆಯ ಕೆಲಸ. ಮುಂಬಯಿಯ ಮಾರಿವಾಲಾ ಹೆಲ್ತ್ ಇನಿಶಿಯೇಟಿವ್ ಎಂಬ ಸಂಸ್ಥೆಯು 2019ರಿಂದ ಸಲಹೆಗಾರರಿಗೇ ಒಂದು ಶಿಕ್ಷಣಕ್ರಮವನ್ನು ನಡೆಸುತ್ತ ಬಂದಿದೆ. ಅಲ್ಲಿ ಪಾಠ ಹೇಳಿದವರಲ್ಲಿ ಸ್ವತಃ ಇಂತಹ ಬದುಕನ್ನು ಬಾಳಿದವರೂ ಇದ್ದಾರೆ. ‘ಕ್ವಿಯರ್ ಅಫರ್ಮೇಟಿವ್’ ಸಲಹೆ ಎಂದು ಇದಕ್ಕೆ ಹೆಸರು. ಕನ್ನಡದಲ್ಲಿ ಹೇಳುವುದಾದರೆ, ಎದುರಿಗಿರುವವನ ಒಲವನ್ನು ಸಹಿಸಿಕೊಳ್ಳುವುದಷ್ಟೇ ಅಲ್ಲದೆ ಅದನ್ನು ಸಹಜವೆಂದು ಎತ್ತಿಹಿಡಿದು, ಲೋಕದ ತಿರಸ್ಕಾರವು ಅವನ ಮೇಲೆ ಮಾಡಿದ ಗಾಯವನ್ನು ಗಾಯವೆಂದು ಗುರುತಿಸಿ ಮುಂದುವರಿಯುವ ಸಲಹೆ.

ಇವೆಲ್ಲ ಮುಂಬಯಿಯಲ್ಲಿವೆ, ನಾವು ಕಲ್ಯಾಣದಲ್ಲಿದ್ದೇವೆ. ಬೆಳಿಗ್ಗೆ ಐದಕ್ಕೆ ಒಲೆ ಹೊತ್ತಿಸುವ ಭಟ್ಟರಿಗೂ ರಾತ್ರಿ ಹನ್ನೊಂದಕ್ಕೆ ಗಲ್ಲೆ ಎಣಿಸುವವನಿಗೂ ವಾರದಲ್ಲಿ ಒಂದೇ ರಜೆ. ಆ ದಿನ ದಾದರಿನಲ್ಲಿ ಗಾಡಿ ಬದಲಿಸಿ ಸಾಂತಾಕ್ರೂಜಿಗೆ ಹೋಗಿ ಬರುವಷ್ಟರಲ್ಲಿ ರಜೆಯೇ ಮುಗಿಯುತ್ತದೆ. ಖಾಸಗಿ ಸಲಹೆಗಾರರ ಶುಲ್ಕವೋ, ಒಂದು ಭೇಟಿಗೆ ಸಾವಿರ, ಎರಡು ಸಾವಿರ. ವರಮಾನವನ್ನು ನೋಡಿ ಶುಲ್ಕವನ್ನು ಇಳಿಸುವ ಪದ್ಧತಿ ಅನೇಕ ಸಲಹೆಗಾರರಲ್ಲಿದೆ ಎಂಬುದು ನಮ್ಮವರಿಗೆ ತಿಳಿಯದು. ಕೇಳಿದವರಿಗೆ ಅದು ಸಿಗುತ್ತದೆ, ಆದುದರಿಂದ ಕೇಳಬೇಕು. ಕೊರೋನಾ ಕಾಲದಿಂದೀಚೆಗೆ ದೂರವಾಣಿಯಲ್ಲಿಯೂ ವೀಡಿಯೊ ಮೂಲಕವೂ ಸಲಹೆ ಪಡೆಯುವುದು ರೂಢಿಯಾಗಿದೆ. ಇದರಿಂದ ದೂರದ ತೊಂದರೆ ತಪ್ಪಿತು, ಆದರೆ ಇನ್ನೊಂದು ಹುಟ್ಟಿತು: ಹೋಟೆಲಿನ ಮಾಳಿಗೆಯ ಮೇಲೆ ಎಂಟು ಜನ ಒಟ್ಟಿಗೆ ಮಲಗುವ ಕೋಣೆಯಲ್ಲಿ ಯಾವ ಮೂಲೆಗೆ ಹೋಗಿ ಮನಸ್ಸು ಬಿಚ್ಚುವುದು? ಮಧ್ಯಾಹ್ನ ಊಟದ ಗಿರಾಕಿಗಳು ತೆರವಾದ ಮೇಲೆ, ಸಾಯಂಕಾಲದ ಚಹಾಕ್ಕೆ ಮುಂಚೆ ಸಿಗುವ ಎರಡು ಗಂಟೆಯ ಬಿಡುವಿನಲ್ಲಿ ಕಾಳಾ ತಲಾವಿನ ದಂಡೆಯ ಮೇಲೆ ಕುಳಿತು ಕಿವಿಗೆ ತಂತಿ ಸಿಕ್ಕಿಸಿಕೊಂಡು ಮಾತಾಡುವವರನ್ನು ಕಂಡಾಗ, ಇವರೆಲ್ಲ ಊರಿಗೇ ಮಾತಾಡುತ್ತಿರಲಾರರು ಎಂದು ನಮಗನ್ನಿಸುವುದುಂಟು.

ಭಾಷೆಯ ತೊಡಕು ಇನ್ನೂ ದೊಡ್ಡದು. ನಮ್ಮ ಗುಮಾಸ್ತರು ಕಛೇರಿಯಲ್ಲಿ ಮರಾಠಿ ಆಡುತ್ತಾರೆ, ಗಾಡಿಯಲ್ಲಿ ಹಿಂದಿ ಆಡುತ್ತಾರೆ, ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಅಳುವಾಗ ಮಾತ್ರ ಕನ್ನಡವೋ ತುಳುವೋ ಬೇಕಾಗುತ್ತದೆ. ಈ ಕಲ್ಯಾಣದಲ್ಲಿಯೇ 1865ರಲ್ಲಿ ಹುಟ್ಟಿದ ಆನಂದೀಬಾಯಿ ಜೋಶಿಯವರನ್ನು ನಾವಿಲ್ಲಿ ನೆನೆಯುತ್ತೇವೆ. 1883ರಲ್ಲಿ ಸೀರಾಮಪುರದ ಕಾಲೇಜಿನಲ್ಲಿ ಭಾಷಣ ಮಾಡಿ, ತಾನು ವೈದ್ಯವಿದ್ಯೆಗಾಗಿ ಅಮೆರಿಕಕ್ಕೆ ಏಕೆ ಹೋಗುತ್ತಿರುವೆನೆಂದು ಆಕೆ ವಿವರಿಸಿದಾಗ ವಯಸ್ಸು ಹದಿನೆಂಟೂ ತುಂಬಿರಲಿಲ್ಲ. ಈ ದೇಶಕ್ಕೆ ಹೆಣ್ಣು ವೈದ್ಯರು ಬೇಕು ಎಂಬುದು ಆಕೆಯ ವಾದದ ತಿರುಳು. ಗಂಡಸು ವೈದ್ಯನ ಮುಂದೆ ಬಾಯಿ ಬಿಡಲಾರದ ಹೆಂಗಸರು ರೋಗವನ್ನು ಒಳಗೇ ಇಟ್ಟುಕೊಂಡು ಸಾಯುತ್ತಿದ್ದ ಕಾಲವದು. ಊರೆಲ್ಲ ವೈದ್ಯರು ತುಂಬಿದ್ದರೂ, ತನ್ನ ಮಾತನ್ನು ನಾಚಿಕೆಯಿಲ್ಲದೆ ಹೇಳಿಕೊಳ್ಳಬಲ್ಲ ಒಬ್ಬ ವೈದ್ಯನಿಲ್ಲದಿದ್ದರೆ ರೋಗಿಗೆ ವೈದ್ಯರೇ ಇಲ್ಲದಂತೆ. ಡೊಂಬಿವಲಿಯ ನಮ್ಮ ಗುಮಾಸ್ತರ ಸ್ಥಿತಿ ಅದಕ್ಕಿಂತ ಬೇರೆಯೇನಲ್ಲ.

ಕನ್ನಡದಲ್ಲಿ ಮಾತಾಡಲು ಒಂದು ದಾರಿಯುಂಟು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ’ದ ಸಂಖ್ಯೆ 14416. ಹಗಲಿರುಳೆನ್ನದೆ ಉಚಿತವಾಗಿ, ಕನ್ನಡವೂ ಸೇರಿದಂತೆ 20 ಭಾಷೆಗಳಲ್ಲಿ ಉತ್ತರ ಕೊಡುವ ವ್ಯವಸ್ಥೆಯದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸಂಸ್ಥೆ. ಬದುಕೇ ಬೇಡವೆನಿಸುವ ಇರುಳಿನಲ್ಲಿ ಯಾರಿಗಾದರೂ ಈ ನಾಲ್ಕೂ ಒಂದು ಐದಂಕಿಗಳು ನೆನಪಿರಬೇಕು. ಆದರೆ ದೀರ್ಘಕಾಲದ ಸಲಹೆಗೆ ಒಬ್ಬರೇ ವ್ಯಕ್ತಿಯ ಒಡನಾಟ ಬೇಕಾಗುತ್ತದೆ. ಅದಕ್ಕೆ ಬೆಂಗಳೂರಿನಲ್ಲಿರುವ ಕನ್ನಡ ಬಲ್ಲ ಸಲಹೆಗಾರರನ್ನು ವೀಡಿಯೊ ಮೂಲಕ ಕಾಣುವುದು ಕಲ್ಯಾಣದವರಿಗೂ ಸಾಧ್ಯ. ಅಲ್ಲಿ 1994ರಿಂದ ‘ಗುಡ್ ಆ್ಯಸ್ ಯೂ’ ಎಂಬ ಬಳಗ, 1999ರಿಂದ ‘ಸಂಗಮ’ ಎಂಬ ಸಂಸ್ಥೆ ಈ ಜನರ ನಡುವೆ ಕೆಲಸ ಮಾಡುತ್ತ ಬಂದುದರಿಂದ, ಈ ಬದುಕಿನ ಪರಿಚಯವಿರುವ ಸಲಹೆಗಾರರು ಅಲ್ಲಿ ದೊರೆಯುವ ಸಂಭವ ಹೆಚ್ಚು. ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲಿ ಹೊರಬಂದ ಮೇಲೆ ಈ ವಿಷಯವನ್ನು ಕನ್ನಡದಲ್ಲಿಯೇ ಹೇಳಿಕೊಳ್ಳಲು ಮಾತುಗಳಿಲ್ಲ ಎಂಬ ನೆಪವೂ ಉಳಿದಿಲ್ಲ.

ಈಗ ಮುಖ್ಯವಾದ ಮಾತಿಗೆ ಬರೋಣ. ಸಲಹೆಗಾರರು ಯಾರೇ ಆಗಿರಲಿ, ಯಾವ ಪಟ್ಟಿಯಿಂದಲೇ ಸಿಕ್ಕಿರಲಿ, ಹಣ ತೆತ್ತು ಒಳಗೆ ಹೋಗುವುದಕ್ಕೆ ಮೊದಲೇ ದೂರವಾಣಿಯಲ್ಲಿ ಪ್ರಶ್ನೆ ಕೇಳಬೇಕೆಂಬುದು ನಮ್ಮ ಖಚಿತವಾದ ಅಭಿಪ್ರಾಯ. ವೈದ್ಯನನ್ನು ಪ್ರಶ್ನಿಸುವುದು ನಮ್ಮವರಿಗೆ ರೂಢಿಯಿಲ್ಲ. ಡಾಕ್ಟರ ಮುಂದೆ ಕೈಕಟ್ಟಿ ನಿಲ್ಲುವುದೇ ನಮ್ಮ ಸಂಸ್ಕಾರ. ಈ ಒಂದು ವಿಷಯದಲ್ಲಿ ಆ ಸಂಸ್ಕಾರವನ್ನು ಹೊರಗಿಡಬೇಕು. ಹೆಸರು ಹೇಳಬೇಕಾಗಿಲ್ಲ. “ನಾನು ಗಂಡಸನ್ನು ಪ್ರೀತಿಸುವ ಗಂಡಸು. ಇಂತಹವರಿಗೆ ಈ ಹಿಂದೆ ತಾವು ಸಲಹೆ ಕೊಟ್ಟಿದ್ದೀರಾ? ಇದನ್ನು ಬದಲಿಸಬಹುದೆಂದು ತಾವು ನಂಬುತ್ತೀರಾ? ಈ ವಿಷಯದಲ್ಲಿ ವಿಶೇಷ ತರಬೇತಿ ಪಡೆದಿದ್ದೀರಾ? ನನ್ನ ಮನೆಯವರು ಫೋನು ಮಾಡಿದರೆ ಏನು ಹೇಳುತ್ತೀರಿ?” ಎಂದು ನೇರವಾಗಿ ಕೇಳಬೇಕು. “ಬದಲಿಸಲಾಗದು, ಬದಲಿಸಬೇಕಾಗಿಯೂ ಇಲ್ಲ, ನಿಮ್ಮ ಒಪ್ಪಿಗೆಯಿಲ್ಲದೆ ಯಾರಿಗೂ ಏನೂ ಹೇಳುವುದಿಲ್ಲ” ಎಂಬ ಉತ್ತರ ತಡವರಿಸದೆ ಬಂದರೆ ಮುಂದುವರಿಯಬಹುದು. ‘ನನಗೆ ಅನುಭವ ಕಡಿಮೆ, ಕಲಿಯುತ್ತಿದ್ದೇನೆ’ ಎಂದು ಒಪ್ಪಿಕೊಳ್ಳುವವರನ್ನೂ ನಾವು ತಳ್ಳಿಹಾಕುವುದಿಲ್ಲ. ಮದರಾಸಿನ ನ್ಯಾಯಮೂರ್ತಿಗಳು ಹೇಳಿದುದೂ ಅದನ್ನೇ. ಆದರೆ “ಮೊದಲು ಬನ್ನಿ, ನೋಡೋಣ” ಎಂದು ಜಾರಿಕೊಳ್ಳುವವರಿಂದ ದೂರವಿರುವುದು ಲೇಸು. ಮದುವೆಯಿಂದ ಗುಣವಾಗುತ್ತದೆ ಎನ್ನುವವರು, ಹಾರ್ಮೋನಿನ ಇಂಜೆಕ್ಷನ್ ಕೊಡುವೆನೆನ್ನುವವರು, ವಿದ್ಯುತ್ತಿನ ಚಿಕಿತ್ಸೆಯ ಮಾತೆತ್ತುವವರು, ಬಾಲ್ಯದಲ್ಲಿ ತಂದೆ ಹೀಗಿದ್ದುದರಿಂದ ನೀನು ಹೀಗಾದೆ ಎಂದು ಮೊದಲ ಭೇಟಿಯಲ್ಲಿಯೇ ತೀರ್ಪು ಕೊಡುವವರು—ಇವರನ್ನು ಬಿಟ್ಟು ಎದ್ದುಬರಬೇಕು. ಹಾಗೆ ಚಿಕಿತ್ಸೆ ನಡೆಸಿದವನು ನೋಂದಾಯಿತ ವೈದ್ಯನಾಗಿದ್ದರೆ ವೈದ್ಯಕೀಯ ಮಂಡಲಿಗೆ ದೂರು ಕೊಡುವ ಹಕ್ಕೂ ಉಂಟು.

ಮದುವೆಯಿಂದ ಗುಣವಾಗುವ ಮಾತು ಬಂದುದರಿಂದ ಹೇಳುತ್ತೇವೆ. ಊರಿನಲ್ಲಿ ಪ್ರಶ್ನೆ ಇಡಿಸಿ, ನಾಗನಿಗೆ ತಂಬಿಲ ಕೊಟ್ಟು, ಹುಡುಗನಿಗೆ ಏನೂ ಹೇಳದೆ ಕರೆಸಿಕೊಂಡು ತಾಳಿ ಕಟ್ಟಿಸಿದ ಪ್ರಸಂಗಗಳು ನಮಗೆ ಗೊತ್ತು. ದೈವದೇವರುಗಳಲ್ಲಿ ನಮಗೂ ಭಕ್ತಿಯುಂಟು. ಆದರೆ ಅಂತಹ ಮದುವೆಯಲ್ಲಿ ಕೆಡುವುದು ಒಂದು ಬದುಕಲ್ಲ, ಎರಡು. ಏನೂ ಅರಿಯದ ಆ ಹೆಣ್ಣುಮಗಳ ಲೆಕ್ಕವನ್ನು ಯಾವ ಸಲಹೆಗಾರನೂ ಇಟ್ಟಂತಿಲ್ಲ.

ಒಳ್ಳೆಯ ಸಲಹೆಗಾರನೆಂದರೆ ಹೊಗಳುವವನಲ್ಲ ಎಂಬುದನ್ನೂ ತಿಳಿಯಬೇಕು. ಸಾಲದಿಂದ ನಿದ್ದೆಗೆಟ್ಟವನು ಬಂದರೆ ಸಾಲದ ವಿಷಯವನ್ನೇ ಮಾತಾಡಬೇಕೇ ಹೊರತು, ಅವನು ಸಲಿಂಗಪ್ರೇಮಿಯಾದ ಮಾತ್ರಕ್ಕೆ ಎಲ್ಲ ಸಂಕಟವನ್ನೂ ಅದಕ್ಕೇ ಕಟ್ಟಕೂಡದು. ಇಬ್ಬರು ಜೊತೆಯಾಗಿ ಬಂದಾಗಲಂತೂ ಇದು ಇನ್ನೂ ಸೂಕ್ಷ್ಮ. ನಿಮ್ಮಲ್ಲಿ ಗಂಡ ಯಾರು, ಹೆಂಡತಿ ಯಾರು ಎಂದು ಕೇಳುವ ಸಲಹೆಗಾರನಿಗೆ ವಿಷಯವೇ ತಿಳಿದಿಲ್ಲ. ಊರಿಗೆ ಎಷ್ಟು ಹಣ ಕಳುಹಿಸಬೇಕು, ಅಕ್ಕನ ಮಗಳ ಮದುವೆಗೆ ಇಬ್ಬರೂ ಹೋಗಬೇಕೇ, ಒಬ್ಬನು ಮನೆಯವರಿಗೆ ಹೇಳಿಬಿಟ್ಟಿದ್ದಾನೆ ಇನ್ನೊಬ್ಬನು ಹೇಳಲಾರ, ಕುಡಿತ, ಅನುಮಾನ, ಒಮ್ಮೊಮ್ಮೆ ಹೊಡೆತ—ಇವು ಎಲ್ಲ ಸಂಸಾರಗಳ ಸಂಗತಿಗಳೇ. ಹೊಡೆಯುವವನಿಗೆ ಹೊಡೆಯುವುದು ತಪ್ಪೆಂದು ಸಲಹೆಗಾರನು ಹೇಳಲೇಬೇಕು. ಆದರೆ ಗಂಡಹೆಂಡಿರ ಜಗಳವನ್ನು ಬಿಡಿಸಲು ಮಾವನಿದ್ದಾನೆ, ಭಾವನಿದ್ದಾನೆ, ಊರ ಗುರಿಕಾರನಿದ್ದಾನೆ. ಈ ಇಬ್ಬರಿಗೆ ಆ ಸಲಹೆಗಾರನ ಹೊರತು ಬೇರೆ ಪಂಚಾಯಿತಿಯಿಲ್ಲ.

ಕಾನೂನೂ ಇವರನ್ನು ಸಂಸಾರವೆಂದು ಒಪ್ಪಿಲ್ಲ. 2023ರ ಅಕ್ಟೋಬರ್ 17ರಂದು ಸರ್ವೋಚ್ಚ ನ್ಯಾಯಾಲಯವು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ನಿರಾಕರಿಸಿ, ಅದನ್ನು ಶಾಸನಸಭೆಗೆ ಬಿಟ್ಟಿತು. ಆದರೂ ಕೆಲವು ಸಣ್ಣ ಅನುಕೂಲಗಳು ಉಂಟಾಗಿವೆ. ಇಂತಹ ಜೋಡಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಒಬ್ಬರು ಇನ್ನೊಬ್ಬರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲವೆಂದು ಹಣಕಾಸು ಸಚಿವಾಲಯವು 2024ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ವಿವಾಹವೊಂದೇ ಕುಟುಂಬ ಕಟ್ಟುವ ಮಾರ್ಗವಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಎಂದು ಮದರಾಸಿನ ಉಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ಒಳ್ಳೆಯ ಸಲಹೆಗಾರನು ಇವನ್ನೂ ತಿಳಿದಿರುತ್ತಾನೆ, ಏಕೆಂದರೆ ನಾಳೆ ಏನಾಗುವುದೋ ಎಂಬ ಭಯವೇ ಎಷ್ಟೋ ಜಗಳಗಳ ಬೇರು.

ಇನ್ನು ನಮ್ಮ ಮಾಲಕರಿಗೂ ಸಂಘಸಂಸ್ಥೆಗಳ ಪದಾಧಿಕಾರಿಗಳಿಗೂ ಒಂದೆರಡು ಬಿನ್ನಹ. ನಿಮ್ಮ ಮಾಣಿಯೊಬ್ಬನು ವಾರಕ್ಕೊಮ್ಮೆ ಒಂದು ಗಂಟೆ ಬಿಡುವು ಕೇಳಿದರೆ ಏಕೆಂದು ಕೆದಕಬೇಡಿ. ಅವನ ವಿಷಯ ನಿಮ್ಮ ಕಿವಿಗೆ ಬಿದ್ದರೆ ಊರಿಗೆ ಫೋನು ಮಾಡುವ ಆತುರ ಬೇಡ. ಆ ಒಂದು ಫೋನಿನಿಂದ ಊರಿನ ಮನೆಯ ಬಾಗಿಲು ಶಾಶ್ವತವಾಗಿ ಮುಚ್ಚಿಹೋಗಬಹುದು. ರಕ್ತದೊತ್ತಡಕ್ಕೂ ಕಣ್ಣಿನ ಪೊರೆಗೂ ಉಚಿತ ಶಿಬಿರಗಳನ್ನು ನಡೆಸುವ ನಮ್ಮ ಸಂಘಗಳು, ಕನ್ನಡ ತುಳು ಬಲ್ಲ, ಮೇಲಿನ ಪ್ರಶ್ನೆಗಳಿಗೆ ನೇರವಾಗಿ ಉತ್ತರ ಕೊಟ್ಟ ಸಲಹೆಗಾರರ ಹೆಸರುಗಳನ್ನು ಸಂಗ್ರಹಿಸಿ ಗ್ರಂಥಾಲಯದ ಫಲಕಕ್ಕೆ ಒಂದು ಕಾಗದ ಅಂಟಿಸಿದರೆ ಸಾಕು. ಮಧ್ಯಾಹ್ನ ಹೇಗೂ ಖಾಲಿ ಇರುವ ಸಂಘದ ಕೋಣೆಯೊಂದನ್ನು, ಕಾರಣ ಕೇಳದೆ, ಫೋನಿನಲ್ಲಿ ಮಾತಾಡಬೇಕಾದವರಿಗೆ ಒಂದು ಗಂಟೆ ಬಿಟ್ಟುಕೊಡುವುದಾದರೆ ಇನ್ನೂ ಒಳ್ಳೆಯದು. ಇದಕ್ಕೆ ಖರ್ಚಿಲ್ಲ, ನಿರ್ಣಯ ಮಂಡಿಸಬೇಕಾಗಿಯೂ ಇಲ್ಲ.

ಆ ಗುಮಾಸ್ತರು ಮೊನ್ನೆ ಮತ್ತೆ ಸಿಕ್ಕಿದ್ದರು. ಮೂವರು ಸಲಹೆಗಾರರಿಗೆ ಫೋನು ಮಾಡಿ ಅವೇ ಪ್ರಶ್ನೆಗಳನ್ನು ಕೇಳಿದರಂತೆ. ಒಬ್ಬರು ಕೋಪಿಸಿಕೊಂಡು ಫೋನಿಟ್ಟರು. ಇನ್ನೊಬ್ಬರು ಮೊದಲು ಬನ್ನಿ ಎಂದರು. ಮೂರನೆಯವರು ಒಬ್ಬ ಹೆಂಗಸು, ಕನ್ನಡ ಬಾರದು, ಮರಾಠಿಯವರು. ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರ ಕೊಟ್ಟು, ಶುಲ್ಕವನ್ನು ಅರ್ಧಕ್ಕೆ ಇಳಿಸಿ, ಮಾತು ಸಿಗದಾಗ ಕನ್ನಡದಲ್ಲಿಯೇ ಹೇಳಿ, ಆ ಮೇಲೆ ಅರ್ಥ ಮಾಡಿಸಿ ಎಂದರಂತೆ. ಗಲ್ಲೆಯವರ ರಜೆ ಮಂಗಳವಾರ. ಇಬ್ಬರೂ ಜೊತೆಯಾಗಿ ಠಾಣೆಗೆ ಹೋಗಿ ಬರುತ್ತಿದ್ದಾರೆ.